ಈ ಸಲ ದಾನದ ಬೋರ್ಡ್ ಇರುವುದಿಲ್ಲ

ಪ್ರಿಯ ಪೋಷಕರೇ,

ನಮಸ್ಕಾರ. ಶಾಲೆ ಮತ್ತೆ ಶುರುವಾಗಿದೆ, ಜೂನ್ 5ರ ಪರಿಸರ ದಿನ ಹತ್ತಿರ ಬಂದಿದೆ. "ಮೇಡಂ, ಈ ಸಲ ಎಷ್ಟು ಗಿಡ ತರೋಣ?" ಅಂತ ಆಗಲೇ ಹಲವರು ಕೇಳಿದ್ದೀರಿ. ಒಬ್ಬರು ನೂರು ಸಸಿ ಕೊಡಿಸುತ್ತೇನೆ ಅಂದಿದ್ದಾರೆ. ಇನ್ನೊಬ್ಬರು ಅವರ ಆಫೀಸಿನಿಂದ ಮಕ್ಕಳಿಗೆಲ್ಲ ಹಸಿರು ಟೀ ಶರ್ಟ್ ಹಾಕಿಸುತ್ತಾರಂತೆ. ಇಷ್ಟು ಉತ್ಸಾಹ ಇರುವವರಿಗೆ ಎರಡು ಸಾಲಿನ ಸುತ್ತೋಲೆ ಕಳಿಸಿದರೆ ಸರಿಹೋಗುವುದಿಲ್ಲ. ಸ್ವಲ್ಪ ಉದ್ದವಾಗಿದೆ, ಪುರಸೊತ್ತು ಮಾಡಿಕೊಂಡು ಓದಿ.

ಮೊದಲು ಹೋದ ವರ್ಷದ ಲೆಕ್ಕ. ಇದೇ ಜೂನ್ 5ಕ್ಕೆ ನಾವು 40 ಸಸಿ ನೆಟ್ಟೆವು. ಹೊಂಗೆ, ಬೇವು, ನೇರಳೆ, ಜೊತೆಗೆ ನಾಲ್ಕು ಸಂಪಿಗೆ. ಸಂಜೆಯೊಳಗೆ ಗ್ರೂಪಿನಲ್ಲಿ ಇನ್ನೂರಕ್ಕೂ ಜಾಸ್ತಿ ಫೋಟೊ ಬಂದವು. ಕಳೆದ ವಾರ ನಾನು ಮತ್ತು ನಮ್ಮ ಆಯಾ ಸೇರಿ ಎಣಿಸಿದೆವು. ಉಳಿದಿರುವುದು ಆರು.

ಒಣಗಿ ನಿಂತಿದ್ದ ಒಂದು ಹೊಂಗೆಯನ್ನು ಸುಮ್ನೆ ಹಿಡಿದು ಎಳೆದೆ. ಸಲೀಸಾಗಿ ಕೈಗೆ ಬಂತು. ಬೇರಿನ ಸುತ್ತ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಹೊರಗೆ ಹೋಗಲು ದಾರಿಯಿಲ್ಲದೆ ಬೇರುಗಳು ಒಳಗೊಳಗೇ ಸುತ್ತಿಕೊಂಡು ಶಾವಿಗೆ ಉಂಡೆ ಥರ ಆಗಿದ್ದವು. ಯಾರಪ್ಪಾ ಕವರ್ ಸಮೇತ ನೆಟ್ಟ ಪುಣ್ಯಾತ್ಮರು ಅಂತ ಫೋಟೊ ತೆಗೆದು ನೋಡಿದೆ. ಆ ಗುಂಡಿಯ ಪಕ್ಕದಲ್ಲಿ, ಮುಖ್ಯ ಅತಿಥಿಗಳ ಜೊತೆ, ಸನಿಕೆ ಹಿಡಿದುಕೊಂಡು ನಗುತ್ತಾ ನಿಂತಿರುವುದು ನಾನೇ.

ಮಿಕ್ಕವು ಬಹುಪಾಲು ಬೇಸಿಗೆಗೆ ಹೋದವು. ಜೂನ್‌ನಲ್ಲಿ ನೆಟ್ಟ ಗಿಡವನ್ನು ಅಕ್ಟೋಬರ್‌ವರೆಗೆ ಮಳೆ ನೋಡಿಕೊಳ್ಳುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮೂರಲ್ಲಿ ಮಳೆ ಬರುವುದೇ ಅಪರೂಪ. ಏಪ್ರಿಲ್, ಮೇ ಬಂದರೆ ಶಾಲೆಗೆ ರಜೆ. ಗಿಡಕ್ಕೆ ನೀರು ಬೇಕೇ ಬೇಕು ಅನ್ನುವ ಹೊತ್ತಿಗೆ ನಾವೆಲ್ಲ ಅಜ್ಜಿ ಮನೆಯಲ್ಲಿರುತ್ತೇವೆ.

ಹಾಗಾದರೆ ಆ ಆರು ಹೇಗೆ ಬದುಕಿದವು? ಐದು ಗಿಡ ಮಕ್ಕಳು ಕೈ ತೊಳೆಯುವ ನಲ್ಲಿ ಸಾಲಿನ ಪಕ್ಕದಲ್ಲಿವೆ. ರಜೆಯಲ್ಲೂ ಆಯಾ ಅಲ್ಲೇ ಪಾತ್ರೆ ತೊಳೆಯುತ್ತಿದ್ದರು. ಆರನೆಯದು ಗೇಟಿನ ಆಚೆ, ಇಸ್ತ್ರಿ ಗಾಡಿಯ ಎದುರಿಗಿದೆ. ಇಸ್ತ್ರಿ ಅಣ್ಣ ಬೆಳಗ್ಗೆ ಬಂದ ತಕ್ಷಣ ಅದಕ್ಕೆ ಒಂದು ಚೊಂಬು ನೀರು ಹಾಕಿ, ಆಮೇಲೆ ಕೆಂಡ ಮಾಡುತ್ತಾರಂತೆ. ಹಸು ಬಾಯಿ ಹಾಕದಂತೆ ಹಳೇ ಕೊಡೆಯ ಕಡ್ಡಿಗಳನ್ನು ಸುತ್ತ ಚುಚ್ಚಿದ್ದಾರೆ. ಹೋದ ವರ್ಷದ ಕಾರ್ಯಕ್ರಮಕ್ಕೆ ಅವರನ್ನು ನಾವು ಕರೆದೇ ಇರಲಿಲ್ಲ.

ಸಾಲುಮರದ ತಿಮ್ಮಕ್ಕನ ಪಾಠ ಮಾಡುವಾಗ ನಾವು 385 ಆಲದ ಮರ, 2019ರ ಪದ್ಮಶ್ರೀ ಅಂತ ಬರೆಸುತ್ತೇವೆ. ಪರೀಕ್ಷೆಯಲ್ಲಿ ಅದಕ್ಕೇ ಅಂಕ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತುಕೊಂಡು ನಡೆದರಲ್ಲ, ದನ ತಿನ್ನದ ಹಾಗೆ ಮುಳ್ಳಿನ ಬೇಲಿ ಕಟ್ಟಿದರಲ್ಲ, ಅದನ್ನು ಒಂದು ಸಾಲಲ್ಲಿ ಮುಗಿಸಿಬಿಡುತ್ತೇವೆ. ನೆಡುವುದು ಒಂದು ದಿನದ ಕೆಲಸ, ಮಿಕ್ಕಿದ್ದೆಲ್ಲ ಆ ನೀರು ಹೊರುವುದೇ ಅಲ್ವಾ?

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೆರೆ ಕಟ್ಟಿಸಿದರೆ, ಮುಂದೆ ಅದನ್ನು ನೋಡಿಕೊಳ್ಳುವವರಿಗೆ ಅಂತ ಹೊಲವನ್ನೂ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಕಟ್ಟುಕೊಡಗೆ ಅಂತ ಹೆಸರೇ ಇದೆ. ತೂಬು ತೆಗೆಯಲು, ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ.

ಇನ್ನು ಬಟ್ಟೆಯ ವಿಷಯ. ಬರೆಯಲು ಮುಜುಗರ, ಆದರೂ ಬರೆಯಬೇಕು. ಅಕ್ಟೋಬರ್ 2ರಿಂದ 8ರವರೆಗೆ ದೇಶದ ಹಲವು ಕಡೆ ದಾನ್ ಉತ್ಸವ್ ನಡೆಯುತ್ತದೆ. ಹೋದ ಸಲ ಅದೇ ವಾರ ನಾವೂ ಒಂದು ಆಶ್ರಮಕ್ಕೆ ಅಂತ ಹಳೇ ಬಟ್ಟೆ ಕೇಳಿದೆವು. 14 ಮೂಟೆ ಬಂತು. ಟೀಚರ್‌ಗಳು ಮೂರು ಮಧ್ಯಾಹ್ನ ಕೂತು ಬೇರೆ ಮಾಡಿದರು. ಹುಕ್ಕಿಲ್ಲದ ರವಿಕೆ, ಜಿಪ್ ಕಿತ್ತುಹೋದ ಪ್ಯಾಂಟು, ಜೋಡಿಯಿಲ್ಲದ ಕಾಲುಚೀಲ, ಅರಿಶಿನದ ಕಲೆ ಇರುವ ಬನಿಯನ್. ಒಂದು ಮೂಟೆಯಲ್ಲಿ ಒದ್ದೆ ಟವೆಲ್ಲು ಕೂಡ ಇತ್ತು. ಒಳ್ಳೆಯದೆಂದು ಆರಿಸಿ ಒಂಬತ್ತು ಮೂಟೆ ಕಳಿಸಿದೆವು. ಆಶ್ರಮದ ಅಮ್ಮ ಅದರಲ್ಲೂ ನಾಲ್ಕನ್ನು ವಾಪಸ್ ಕಳಿಸಿದರು. "ನಮ್ಮ ಮಕ್ಕಳ ಶರ್ಟಿಗೂ ಗುಂಡಿ ಇರಬೇಕು ಮೇಡಂ" ಅಂದರು, ಅಷ್ಟೇ.

ನಮಗೆ ಬೇಡದ್ದನ್ನು ಬೇರೆಯವರ ಬಾಗಿಲಿಗೆ ಸಾಗಿಸುವ ಈ ಅಭ್ಯಾಸ ನಮ್ಮೂರಿಗೆ ಹೊಸದಲ್ಲ. ಹಳೇ ಮದ್ರಾಸ್ ರಸ್ತೆ ಕಡೆಯ ಮಂಡೂರಿಗೆ ಎಷ್ಟೋ ವರ್ಷ ಬೆಂಗಳೂರಿನ ಕಸ ಹೋಯಿತು. ನಮ್ಮ ಮನೆ ಚೊಕ್ಕ, ಅವರ ಊರು ಗಬ್ಬು. 2014ರಲ್ಲಿ ಅಲ್ಲಿನ ಜನ ರೊಚ್ಚಿಗೆದ್ದು ಲಾರಿ ತಡೆದ ಮೇಲೆಯೇ ಅದು ನಿಂತಿದ್ದು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲ ಅಂತ ಕಡ್ಡಾಯ ಮಾಡಿತು. ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ಡೈಪರ್, ಪ್ಯಾಡ್, ಚೀಲಕ್ಕೆ ಒಣ ಕಸ. ನಮ್ಮ ಒಂದನೇ ತರಗತಿ ಮಕ್ಕಳು ಇದನ್ನು ಬಾಯಿಪಾಠ ಹೇಳುತ್ತಾರೆ. ಹರಿದ ಬನಿಯನ್ ಒಣ ಕಸದ ಚೀಲಕ್ಕೆ ಹೋಗಬೇಕು. ಅದನ್ನು ಮೂಟೆ ಕಟ್ಟಿ ಆಶ್ರಮಕ್ಕೆ ಕಳಿಸಿ ನಾವು ದಾನ ಅಂದೆವು.

ಈಗ ಬೋರ್ಡಿನ ಕಥೆ. ಇದರಲ್ಲಿ ತಪ್ಪು ಪೂರ್ತಿ ನನ್ನದು. ಅದೇ ವಾರ ಮಕ್ಕಳಿಂದ ಹಣವನ್ನೂ ಸೇರಿಸಿದೆವು. ಪ್ರತಿ ತರಗತಿಯ ಮುಂದೆ ಕಪ್ಪು ಹಲಗೆಯಲ್ಲಿ ಹೆಸರು, ಎದುರಿಗೆ ಮೊತ್ತ. ಪೈಪೋಟಿ ಇದ್ದರೆ ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. ಬಂತು ಕೂಡ. ಮೂರನೇ ದಿನ ಸಂಜೆ ಕಾರಿಡಾರಿನಲ್ಲಿ ಹೋಗುತ್ತಾ ಐದನೇ ತರಗತಿಯ ಹಲಗೆ ನೋಡಿದೆ. ಒಂದು ಹುಡುಗಿಯ ಹೆಸರಿನ ಎದುರು 200 ಅಂತಿತ್ತು. ಮೊದಲ ಎರಡು ಅಂಕಿ ಟೀಚರ್ ಬರೆದ ಬಿಳಿ ಸೀಮೆಸುಣ್ಣದಲ್ಲಿತ್ತು. ಕೊನೆಯ ಸೊನ್ನೆ ಮಾತ್ರ ತಿಳಿ ಹಳದಿ, ಸ್ವಲ್ಪ ಸೊಟ್ಟಗೆ. ಆ ಮಗುವಿಗೆ ನಾನು ಏನೂ ಕೇಳಲಿಲ್ಲ. ಮರುದಿನ ಮಕ್ಕಳು ಬರುವ ಮುಂಚೆ ಹಲಗೆಗಳನ್ನೆಲ್ಲ ಒರೆಸಿಸಿದೆ.

ಇನ್ನೂ ನಾಚಿಕೆಯ ವಿಷಯ ಹೇಳುತ್ತೇನೆ. ಬೋರ್ಡ್ ಹಾಕಿಸಿದ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹರೇಕಳ ಹಾಜಬ್ಬರ ಬಗ್ಗೆ ನಾನೇ ಮಾತಾಡಿದ್ದೆ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದವರು, ಅದರಲ್ಲೇ ಉಳಿಸಿ ತಮ್ಮೂರಿಗೆ ಶಾಲೆ ತಂದವರು. ಚಿಲ್ಲರೆ ಕಾಸು ಎಷ್ಟು ದೊಡ್ಡದು ಅಂತ ಬೆಳಗ್ಗೆ ಭಾಷಣ ಮಾಡಿ, ಹತ್ತು ಗಂಟೆಗೆ ಬೋರ್ಡ್ ಹಾಕಿಸಿದ್ದೆ.

ಗ್ರೂಪಿನಲ್ಲಿ ಪರಿಸರದ ಬಗ್ಗೆ ಕಾಳಜಿ ಇರುವವರಿಗೂ ಒಂದು ಮಾತು. ಭಾನುವಾರ ಕೆರೆ ಹತ್ತಿರ ಕಸ ಆರಿಸಲು ಹೋಗುವವರು, ಹುಟ್ಟುಹಬ್ಬಕ್ಕೆ ಬಲೂನ್ ಬೇಡ ಅಂತ ಹಟ ಹಿಡಿಯುವವರು, ನಿಮ್ಮಿಂದ ನಾನೂ ಕಲಿತಿದ್ದೇನೆ. ಆದರೆ ಕಾರಿನಲ್ಲಿ ಬರುವವರು, ಡೀಸೆಲ್ ಗಾಡಿಯವರು ಅಂತ ಅಲ್ಲಿ ನಡೆಯುವ ಜಗಳ ಮಕ್ಕಳ ಕಿವಿಗೂ ಬೀಳುತ್ತದೆ. ಗೂಡ್ಸ್ ಆಟೊ ಓಡಿಸುವವರ ಮಗ ನನ್ನ ರೂಮಿಗೇ ಬಂದು, "ಮಿಸ್, ನಮ್ಮಪ್ಪ ಕೆಟ್ಟೋರಾ?" ಅಂತ ಕೇಳಿದ. ಎರಡನೇ ತರಗತಿ ಹುಡುಗ. ದಯವಿಟ್ಟು ಮಾತು ನೋಡಿ ಆಡಿ.

ಸರಿ, ಈ ವರ್ಷ ಹೀಗೆ ಮಾಡೋಣ. ನೂರು ಸಸಿ ಬೇಡ, ಎಂಟು ಸಾಕು. ನಲ್ಲಿ ನೀರು ಹರಿದು ಹೋಗುವ ಕಡೆ ಮಾತ್ರ ನೆಡುತ್ತೇವೆ. ಕವರ್ ತೆಗೆದಿದ್ದಾರಾ ಅಂತ ಪ್ರತಿ ಗುಂಡಿಯಲ್ಲೂ ನಾನೇ ನೋಡುತ್ತೇನೆ. ತರಗತಿಗೆ ಇಬ್ಬರಂತೆ ನೀರುಗಂಟಿಗಳು ಇರುತ್ತಾರೆ, ತಿಂಗಳಿಗೊಮ್ಮೆ ಬದಲು. ಸಂಜೆ ಬೆಲ್ ಆದ ಮೇಲೆ ಎಲ್ಲರ ಬಾಟಲಿಯಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಸುರಿಸಿ ಗಿಡಕ್ಕೆ ಹಾಕುವುದು ಅವರ ಕೆಲಸ. ಏಪ್ರಿಲ್, ಮೇ ರಜೆಗೆ ಶಾಲೆಯ ಹತ್ತಿರ ಇರುವ ಎಂಟು ಮನೆಯವರು ಬೇಕು, ಮನೆಗೊಂದು ಗಿಡ. ಈಗಲೇ ಆಫೀಸಿನಲ್ಲಿ ಹೆಸರು ಬರೆಸಿ. ಟೀ ಶರ್ಟ್ ಬೇಡ. ಆ ದುಡ್ಡಿನಲ್ಲಿ ಬೇಲಿಗೆ ಬಲೆ ಕೊಡಿಸಿದರೆ ಉಪಕಾರ.

ಮಕ್ಕಳಿಂದ ಹಣ ಸೇರಿಸುವುದಿಲ್ಲ. ನೀವು ಹೊರಗೆ ಎಲ್ಲಾದರೂ ಕೊಡುವುದಾದರೆ ಧಾರಾಳವಾಗಿ ಕೊಡಿ, ರಸೀದಿ ಕೇಳಿ ಪಡೆಯಿರಿ. ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬಗ್ಗೆ ಕೆಲವರು ಕೇಳಿದ್ದಿರಿ. ಅದು ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, 2,000 ರೂಪಾಯಿ ದಾಟಿದ ನಗದಿಗೆ ಸಿಗುವುದಿಲ್ಲ. ಬಟ್ಟೆ ಕೊಡುವವರು ಒಗೆದು, ಗುಂಡಿ ಹಾಕಿ, ಮಡಚಿ ತನ್ನಿ. ನಿಮ್ಮ ಮಗುವಿಗೆ ನಾಳೆ ಹಾಕಿ ಕಳಿಸುವಂತಿದ್ದರೆ ಮಾತ್ರ ತನ್ನಿ.

ಜೂನ್ 5ರ ಮುಖ್ಯ ಅತಿಥಿ ನಮ್ಮ ಇಸ್ತ್ರಿ ಅಣ್ಣ. ಬೆಳಗ್ಗೆ ಆಫೀಸಿಗೆ ಹೋಗುವವರ ಬಟ್ಟೆ ಜಾಸ್ತಿ ಇರುತ್ತೆ, ಹನ್ನೊಂದರ ಮೇಲೆ ಬರ್ತೀನಿ ಅಂದಿದ್ದಾರೆ. ಹಾಗಾಗಿ ಕಾರ್ಯಕ್ರಮ ಒಂಬತ್ತಕ್ಕಲ್ಲ, ಹನ್ನೊಂದೂವರೆಗೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ