ಬಸುರಿಯ ಸಣ್ಣ ಜ್ವರವೂ ತಾಯಿ ಕಾರ್ಡಿಗೆ ಬರಲಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದರೆ ನಮ್ಮ ತೀರ್ಥಹಳ್ಳಿ ಕಡೆ ಮನೆಮನೆಯಲ್ಲೂ ಶೀತ, ಕೆಮ್ಮು, ಮೈಕೈ ನೋವು. ಬಸುರಿಯರನ್ನೂ ಬಿಡುವುದಿಲ್ಲ. ಮೂರು ದಿನ ಕಷಾಯ ಕುಡಿದು ಮಲಗುತ್ತಾರೆ, ಜ್ವರ ಇಳಿಯುತ್ತದೆ, ಎಲ್ಲರೂ ಮರೆಯುತ್ತಾರೆ. ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದ ನನಗೆ, ಹೀಗೆ ಮರೆಯುವುದೇ ದೊಡ್ಡ ಚಿಂತೆ.

ನನ್ನ ವ್ಯಾಪ್ತಿಯ ಒಂದು ತೋಟದ ಮನೆಯ ಹುಡುಗಿ. ಚೊಚ್ಚಲ ಬಸುರಿ, ಏಳು ತಿಂಗಳು. ನೆಗಡಿ, ಸಣ್ಣ ಜ್ವರ ಬಂದು ಹೋಯಿತು. ಆಮೇಲೆ ಉಚ್ಚೆ ಉರಿ, ಸೊಂಟ ನೋವು ಶುರುವಾಯಿತು. "ಮಗು ಬೆಳೀತಿದೆ, ಹಾಗೇ ಇರುತ್ತೆ" ಅಂದರು ಅತ್ತೆ. ಚೆಕಪ್‌ಗೆ ಹೋದ ಕಡೆ ತೂಕ, ಬಿಪಿ ನೋಡಿ ಕಳಿಸಿದರು. ಜ್ವರ ಬಂದಿತ್ತಾ ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದು ರಾತ್ರಿ ನೀರು ಹೋಯಿತು. ದಿನ ತುಂಬದ ಮಗು ಒಂದೂವರೆ ಕಿಲೋ ಕೂಡ ಇರಲಿಲ್ಲ. ವಾರಗಟ್ಟಲೆ ಶಿಶು ಘಟಕದಲ್ಲಿದ್ದು ಉಳಿಯಿತು.

ನೆಗಡಿಯಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಮೂತ್ರದ ಸೋಂಕೊಂದೇ ಸಾಕು ಹೆರಿಗೆ ಮುಂಚೆ ಆಗಲು. ಆದರೆ ಎರಡೂ ಒಂದರ ಹಿಂದೆ ಒಂದು ಬಂದರೆ ಏನಾಗಬಹುದು ಅನ್ನುವುದಕ್ಕೆ 2010ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗಿಲ್ ಮೋರ್ ತಂಡ ಒಂದು ಸುಳಿವು ಕೊಟ್ಟಿತ್ತು. ಬಸುರಿ ಇಲಿಗಳಿಗೆ ಅವರು ಒಂದು ವೈರಸ್ ತಗುಲಿಸಿದರು. ಅಷ್ಟರಿಂದ ಹೆರಿಗೆ ಮುಂಚೆ ಆಗಲಿಲ್ಲ. ಆಮೇಲೆ ಬ್ಯಾಕ್ಟೀರಿಯಾದ ವಿಷವನ್ನು ಚೂರೇ ಚೂರು ಕೊಟ್ಟರು. ವೈರಸ್ ಇಲ್ಲದ ಇಲಿಗಳು ಅದನ್ನು ತಡೆದುಕೊಂಡವು. ವೈರಸ್ ತಗುಲಿದ್ದವು ಅವಧಿಗೆ ಮೊದಲೇ ಹೆತ್ತವು. ವೈರಸ್ ಮಾಸಿಗೆ, ಅಂದರೆ ಹೆರಿಗೆಯಾದ ಮೇಲೆ ಬೀಳುವ ಕಸಕ್ಕೆ ಸೇರಿಕೊಂಡರೆ ಅದರ ಕಾವಲು ಸಡಿಲವಾಗುತ್ತದೆ. ಆಗ ಚಿಕ್ಕ ಸೋಂಕಿಗೂ ಮೈ ಜಾಸ್ತಿ ಉರಿಯೂತ ಎಬ್ಬಿಸಿ, ಹೆರಿಗೆ ಮುಂಚೆ ಆಗಬಹುದು.

ಇದು ಇಲಿಗಳ ಮೇಲಿನ ಪ್ರಯೋಗ, ಬಸುರಿಯರು ಗಾಬರಿ ಆಗಬೇಕಿಲ್ಲ. ನೆಗಡಿ ಬಂದವರಲ್ಲಿ ಹೆಚ್ಚಿನವರು ದಿನ ತುಂಬಿಯೇ ಹೆರುತ್ತಾರೆ. ಆದರೆ ಜ್ವರ ಬಂದುಹೋದ ಮೇಲೆ ಉಚ್ಚೆ ಉರಿ, ವಾಸನೆಯ ಬಿಳಿಸೆರಗು, ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗುವುದು, ಕೆಳಗೆ ಒತ್ತಿದಂತಾಗುವುದು, ನೀರು ಅಥವಾ ರಕ್ತ ಕಾಣುವುದು, ಇದರಲ್ಲಿ ಯಾವುದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. 34 ವಾರಕ್ಕಿಂತ ಮುಂಚೆ ನೋವು ಬಂದರೆ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಇದೆ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಅದರ ಮೊದಲ ಡೋಸನ್ನು ನಮ್ಮಂಥ ಸಹಾಯಕಿಯರೇ ಕೊಡಬಹುದು ಅಂತ ಕೇಂದ್ರ ಸರ್ಕಾರ 2014ರಲ್ಲೇ ಹೇಳಿದೆ. ಹೆರಿಗೆಗೆ ಒಂದು ದಿನವಾದರೂ ಮುಂಚೆ ಕೊಟ್ಟರೆ ಮಾತ್ರ ಅದರಿಂದ ಪೂರ್ತಿ ಉಪಯೋಗ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದನ್ನೂ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಮೆಡಿಕಲ್ ಶಾಪಿನಲ್ಲಿ ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನೋವಿನ ಮಾತ್ರೆ ಬಸುರಿಯರಿಗೆ ಖಂಡಿತ ಬೇಡ. ಬಂದ ಜ್ವರ ಡೆಂಗಿಯಾಗಿದ್ದರೆ ಆ ಮಾತ್ರೆಗಳಿಂದ ರಕ್ತಸ್ರಾವದ ಅಪಾಯವೂ ಇದೆ.

2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದವು. ಇಷ್ಟಿದ್ದೂ ಉಪಕೇಂದ್ರದಲ್ಲಿ ಮೂತ್ರ ಪರೀಕ್ಷೆ ಅಂದರೆ ಆಲ್ಬುಮಿನ್ ಎಂಬ ಪ್ರೋಟೀನ್, ಸಕ್ಕರೆ ನೋಡುವುದಷ್ಟೇ. ಸೋಂಕು ಇದೆಯಾ ಅಂತ ನೋಡುವುದು ಕಡಿಮೆ. ಬಸುರಿಯರಲ್ಲಿ ಉರಿಯೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದುಂಟು. ಹಾಗಾಗಿ ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಪರೀಕ್ಷೆಯನ್ನೇ ಮಾಡಬೇಕು.

ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ತಾಯಿ ಕಾರ್ಡಿನಲ್ಲಿ "ಕಳೆದ ಭೇಟಿಯ ನಂತರ ಜ್ವರ, ನೆಗಡಿ ಬಂದಿತ್ತೇ?" ಎಂಬ ಒಂದು ಸಾಲು ಸೇರಿಸಿ. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಕೇಳಲಿ, ಪ್ರತಿ ತಿಂಗಳು 9ರಂದು ನಡೆಯುವ ತಪಾಸಣೆಯಲ್ಲಿ ಡಾಕ್ಟರೂ ಕೇಳಲಿ. ಹೌದು ಅಂದವಳ ಮೂತ್ರ ಆವತ್ತೇ ಲ್ಯಾಬಿಗೆ ಹೋಗಲಿ. ಇನ್ನೊಂದು, ಫ್ಲೂ ಲಸಿಕೆ. ಗರ್ಭಿಣಿಯರಿಗೆ ಅದನ್ನು ಮೊದಲು ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ನಮ್ಮ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಅದಿಲ್ಲ. ಖಾಸಗಿಯಲ್ಲಿ ಸಾವಿರಕ್ಕೂ ಜಾಸ್ತಿ ಕೊಟ್ಟು ಹಾಕಿಸಿಕೊಳ್ಳುವುದು ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಆಗುತ್ತದಾ? ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಉಚಿತವಾಗಿ ಕೊಡುವ ಉಪಕೇಂದ್ರದಲ್ಲೇ ಇದನ್ನೂ ಕೊಡಲಿ. ಮುಂದಿನ ಮಳೆಗಾಲದೊಳಗೆ ಮಲೆನಾಡಿನ ತಾಲ್ಲೂಕುಗಳಲ್ಲಾದರೂ ಶುರು ಮಾಡಲಿ.

– ನಿವೃತ್ತ ಆರೋಗ್ಯ ಸಹಾಯಕಿ, ತೀರ್ಥಹಳ್ಳಿ ತಾಲ್ಲೂಕು