ಅಯೇಯೊಗೆ, ಮತ್ತು ನಿಮಗೆಲ್ಲ

ಸೊಮಾಲಿಯಾದ ಬೈದೋವಾದಿಂದ ಊರಿಗೆ ಬಂದು ಮೂರು ವಾರವಾಯಿತು. ಅಲ್ಲಿ ಒಂದು ವರ್ಷ, ಬರದಲ್ಲಿ ಸೊರಗಿದ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ ಅಂತ ನಿಮಗೆ ಗೊತ್ತೇ ಇದೆ, ಹೆಚ್ಚು ಬರೆಯುವುದಿಲ್ಲ. ಅಪರಾತ್ರಿಯಲ್ಲೂ ಫೋನ್ ಎತ್ತಿದ ಗೆಳತಿಯರು, ಸಂಬಳದಲ್ಲಿ ಉಳಿಸಿ ದುಡ್ಡು ಕಳಿಸಿದವರು, ವಾರ್ಡಿನ ಜೊತೆಗಾರರು, ಧೂಳಿನ ದಾರಿಯಲ್ಲಿ ತಪ್ಪದೆ ನೀರಿನ ಟ್ಯಾಂಕರ್ ತಂದ ಡ್ರೈವರ್‌ಗಳು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಒಬ್ಬರ ಬಗ್ಗೆ ಮಾತ್ರ ಜಾಸ್ತಿ ಬರೆಯಲೇಬೇಕು. ನಮ್ಮ ವಾರ್ಡಿನ ನೆಲ ಒರೆಸುತ್ತಿದ್ದ ಅಜ್ಜಿ. ಸೊಮಾಲಿಯಲ್ಲಿ ಅಜ್ಜಿಗೆ ಅಯೇಯೊ ಅಂತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಒಂದರ ಹಿಂದೆ ಒಂದು ನಾಲ್ಕು ಮಳೆಗಾಲ ಕೈಕೊಟ್ಟು, ಆಡು ಹಸು ಎಲ್ಲ ಸತ್ತ ಮೇಲೆ, ಮೊಮ್ಮಕ್ಕಳನ್ನು ಕಟ್ಟಿಕೊಂಡು ನಡೆದೇ ಬೈದೋವಾಕ್ಕೆ ಬಂದವರು. ಕೋಲು ಬಾಗಿಸಿ ಹಳೇ ಬಟ್ಟೆ ಹೊದಿಸಿದ ಗುಡಿಸಲೇ ಅವರ ಮನೆ.

2022ರ ಆಗಸ್ಟಿನ ಆ ರಾತ್ರಿ ಒಟ್ಟಿಗೆ ಆರು ಮಕ್ಕಳು ಬಂದವು. ಎಲ್ಲಕ್ಕೂ ಭೇದಿ. ಅಷ್ಟು ಸೊರಗಿದ ಮಕ್ಕಳಿಗೆ ಬೇಗಬೇಗ ಡ್ರಿಪ್ ಏರಿಸುವ ಹಾಗಿಲ್ಲ, ಹೃದಯ ತಾಳುವುದಿಲ್ಲ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಹಾಲು ಕುಡಿಸಬೇಕು. ಮೈ ತಣ್ಣಗಾಗಲು ಬಿಡಬಾರದು. ನಾವಿದ್ದದ್ದು ಇಬ್ಬರೇ ನರ್ಸ್. ಅಯೇಯೊ ಕೆಲಸ ಸಂಜೆಯೇ ಮುಗಿದಿತ್ತು. ಆದರೂ ಅವರು ಹೋಗಲಿಲ್ಲ. ಒಂದು ಕೂಸನ್ನು ಎದೆಗೆ ಒತ್ತಿಕೊಂಡು ಮೇಲೆ ಶಾಲು ಸುತ್ತಿದರು. ದಣಿದು ನಿದ್ದೆಹೋದ ತಾಯಂದಿರನ್ನು ಹಾಲಿನ ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತಾ ಬೆಳಗಿನವರೆಗೂ ಓಡಾಡಿದರು.

ಒಂದು ಮಗು ಉಳಿಯಲಿಲ್ಲ.

ಆ ವರ್ಷ ಸೊಮಾಲಿಯಾದಲ್ಲಿ ಬರದಿಂದ ಸುಮಾರು 43,000 ಜನ ಸತ್ತಿರಬಹುದು ಅಂತ ಆಮೇಲೆ ಅಂದಾಜು ಬಂತು. ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಅದನ್ನು ಓದಿದಾಗ ನನ್ನ ಕಣ್ಣಿಗೆ ಬಂದದ್ದು ಆ ಮಗುವಿನ ಹಿಮ್ಮಡಿ. ನನ್ನ ಹೆಬ್ಬೆರಳಿನಷ್ಟಿತ್ತು.

ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತೆ. ಇನ್ನು ನನ್ನಿಂದಾಗದು, ನಾಳೆಯೇ ಹೊರಟುಬಿಡುತ್ತೇನೆ ಅಂದುಕೊಂಡೆ. ಅಯೇಯೊ ಏಲಕ್ಕಿ ಚಹಾ ತಂದು ಸುಮ್ನೆ ಪಕ್ಕದಲ್ಲಿ ಕೂತರು. ಸಮಾಧಾನದ ಮಾತು ಆಡಲಿಲ್ಲ. ಆಮೇಲೆ ಕೈ ಹಿಡಿದು ಎಬ್ಬಿಸಿದರು. ಆರು ಗಂಟೆಯ ಹಾಲಿನ ಹೊತ್ತಾಗಿತ್ತು.

ಉಳಿದ ಐದು ಮಕ್ಕಳೂ ಚೇತರಿಸಿಕೊಂಡು ಹೋದವು. ನಾನೂ ಉಳಿದೆ.

ಅವರದ್ದೂ ಜೋಳದ ಸೀಮೆ, ನಮ್ಮ ವಿಜಯಪುರದ ಹಾಗೆ. ಕೊನೆಗೂ 2023ರ ಈ ಏಪ್ರಿಲ್‌ನಲ್ಲಿ ಅಲ್ಲಿ ಮಳೆ ಬಂದಿದೆ. ಮೊನ್ನೆ ಯಾರದ್ದೋ ಫೋನಿನಿಂದ ಅಯೇಯೊ ವಾಯ್ಸ್ ಮೆಸೇಜ್ ಕಳಿಸಿದ್ದರು. ಮಾತು ಕಡಿಮೆ, ತಗಡಿನ ಮೇಲೆ ಮಳೆಯ ಸದ್ದೇ ಜಾಸ್ತಿ. ನಿಮ್ಮೂರಲ್ಲಿ ಬಿತ್ತನೆ ಆಯಿತಾ ಅಂತ ಕೇಳಿದ್ದಾರೆ.

ನಮ್ಮದು ಹಿಂಗಾರಿ ಜೋಳ ಅಯೇಯೊ, ಇನ್ನೂ ತಿಂಗಳುಗಳಿವೆ. ನಿಮ್ಮ ಸೊಮಾಲಿಯಲ್ಲೇ ಧನ್ಯವಾದ ಹೇಳುತ್ತೇನೆ: ಮಹದ್‌ಸನಿದ್.