ಮೊಲ ಮೇವು ಬಿಟ್ಟಾಗ: ಸಿಂಧುಗೆ ದೊಡ್ಡಮ್ಮನ ಪತ್ರ

ಶಿವಮೊಗ್ಗ

ಚಿ. ಸಿಂಧುಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನ ಮೊಲ ಮಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದು ಹುಲ್ಲಿಗೆ ಬಾಯಿ ಹಾಕಿದಳು ಅಂತ ನಿಮ್ಮಮ್ಮ ಹೇಳಿದಳು. ಕೇಳಿ ಜೀವಕ್ಕೆ ಸಮಾಧಾನವಾಯಿತು. ಆದರೆ ಒಂದು ಸಲ ಹೊಟ್ಟೆ ಕರುಳಿನ ಚಲನೆ ನಿಂತ ಮೊಲಕ್ಕೆ, ಮೂಲ ಕಾರಣ ಸಿಗುವ ತನಕ, ಮತ್ತೆ ನಿಲ್ಲುವ ಭಯ ಇದ್ದೇ ಇರುತ್ತೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಓದಲಿ, ನೀನು ಆಫೀಸಿನಲ್ಲಿದ್ದಾಗ ನೋಡಿಕೊಳ್ಳುವವರು ಅವರೇ ತಾನೆ.

ನಾಯಿ ಒಂದು ಹೊತ್ತು ಊಟ ಬಿಟ್ಟರೆ ನಾಳೆ ನೋಡೋಣ ಅನ್ನಬಹುದು. ಮೊಲದ ವಿಷಯದಲ್ಲಿ ಆ ಮಾತೇ ಬೇಡ. ಹತ್ತು ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೆ ಅದು ತುರ್ತು, ಮಧ್ಯರಾತ್ರಿಯಾದರೂ ತುರ್ತೇ. ಮೊಲದ ಹೊಟ್ಟೆ ಯಾವತ್ತೂ ಪೂರ್ತಿ ಖಾಲಿಯಾಗುವುದಿಲ್ಲ, ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಸಾಗಿಸುವುದು ಹುಲ್ಲಿನ ಒರಟು ನಾರು. ನಾರು ಕಡಿಮೆಯಾದರೆ, ಇಲ್ಲವೇ ನೋವು, ಹೆದರಿಕೆ, ಬಿಸಿಲು ಅಂತ ಯಾವುದೋ ಕಾರಣಕ್ಕೆ ಮೊಲ ತಿನ್ನುವುದು ನಿಲ್ಲಿಸಿದರೆ, ಕರುಳಿನ ಚಲನೆ ನಿಧಾನವಾಗುತ್ತೆ. ಒಳಗಿರುವುದು ಒಣಗಿ ಗಟ್ಟಿಯಾಗುತ್ತೆ. ದೊಡ್ಡ ಕರುಳಿನ ಶುರುವಿನಲ್ಲೇ ಸೀಕಂ ಅನ್ನುವ ದೊಡ್ಡ ಚೀಲವಿದೆ, ನಾರು ಕೊಳೆತು ಪೋಷಕಾಂಶ ಆಗುವುದು ಅಲ್ಲೇ. ಅಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿ ಗಾಳಿ ತುಂಬುತ್ತೆ. ಗಾಳಿಯಿಂದ ನೋವು, ನೋವಿನಿಂದ ಇನ್ನೂ ತಿನ್ನದಿರುವುದು. ಈ ಸುತ್ತು ಒಂದೆರಡು ದಿನ ನಡೆದರೆ ಮೈಯ ಕೊಬ್ಬು ಕರಗಿ ಬಂದು ಯಕೃತ್ತಿನಲ್ಲಿ ತುಂಬಿಕೊಳ್ಳುತ್ತೆ. ಅದಾದ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ. ದಪ್ಪಗಿರುವ ಮೊಲಕ್ಕೆ ಇದು ಇನ್ನೂ ಬೇಗ ಆಗುತ್ತೆ.

ಮೊಲ ಸಾಮಾನ್ಯವಾಗಿ ಕಿರುಚುವುದಿಲ್ಲ, ಕಾಯಿಲೆ ಮುಚ್ಚಿಡುತ್ತೆ. ಆದ್ದರಿಂದ ದಿನಾ ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆ ನೋಡು. ಚೆನ್ನಾಗಿರುವ ಮೊಲ ದಿನಕ್ಕೆ ಇನ್ನೂರರಿಂದ ಮುನ್ನೂರು ಹಿಕ್ಕೆ ಹಾಕುತ್ತೆ. ಎಲ್ಲ ದುಂಡಗೆ, ಒಂದೇ ಗಾತ್ರ, ಬೆರಳಲ್ಲಿ ಪುಡಿ ಮಾಡಿದರೆ ಒಳಗೆ ಒಣಹುಲ್ಲಿನ ನಾರು ಕಾಣಬೇಕು. ಅವು ಸಣ್ಣದಾಗಿ, ಕಪ್ಪಗೆ, ಗಟ್ಟಿಯಾಗಿ, ಒಂದೊಂದು ಒಂದೊಂದು ಗಾತ್ರದಲ್ಲಿ ಬಂದರೆ, ಇಲ್ಲವೇ ಕೂದಲಿನಲ್ಲಿ ಪೋಣಿಸಿಕೊಂಡು ಬಂದರೆ, ಕರುಳು ಆಗಲೇ ನಿಧಾನವಾಗಿದೆ ಅಂತ ತಿಳಿ. ಮೆತ್ತಗೆ ದ್ರಾಕ್ಷಿ ಗೊಂಚಲಿನಂಥ ಹೊಳೆಯುವ ಹಿಕ್ಕೆ ಬೇರೆ, ಅದನ್ನು ಮೊಲ ನೇರವಾಗಿ ಹಿಂಬದಿಗೆ ಬಾಯಿ ಹಾಕಿ ತಿಂದುಬಿಡುತ್ತೆ, ತಿನ್ನಲೇಬೇಕು. ಅದು ನೆಲದ ಮೇಲೆ ದಿನಾ ಉಳಿಯುತ್ತಿದ್ದರೆ ಕಾಳಿನ ತಿಂಡಿ ಜಾಸ್ತಿಯಾಗಿದೆ, ಅಥವಾ ಬಗ್ಗಲಾರದಷ್ಟು ಮೈ ಬಂದಿದೆ, ಇಲ್ಲಾ ಬೆನ್ನು ನೋಯುತ್ತಿದೆ.

ಹಿಕ್ಕೆ ಬಿಟ್ಟರೆ ಕೂರುವ ರೀತಿ. ಬೆನ್ನು ಗೂನು ಮಾಡಿ, ಕಣ್ಣು ಅರೆ ಮುಚ್ಚಿ ಮೂಲೆ ಹಿಡಿಯುತ್ತಾಳೆ. ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿ, ಮತ್ತೆ ಎದ್ದು, ಮತ್ತೆ ಒತ್ತುತ್ತಾಳೆ. ಹಲ್ಲು ಕಟಕಟ ಕಡಿಯುವುದು ಜೋರಾಗಿ ಕೇಳಿಸುತ್ತೆ. ತಲೆ ಸವರುವಾಗ ಮೆಲ್ಲಗೆ ಹಲ್ಲು ಉಜ್ಜುವುದು ಖುಷಿಗೆ, ಅದನ್ನು ಇದರ ಜೊತೆ ಬೆರೆಸಬೇಡ. ಇಷ್ಟವಾದ ಕೊತ್ತಂಬರಿ ಕಡ್ಡಿಯನ್ನು ಮೂಗಿಗೆ ಹಿಡಿದು ನೋಡು. ಮುಖ ತಿರುಗಿಸಿದರೆ ಹೊಟ್ಟೆಯ ತೊಂದರೆ. ಆಸೆಯಿಂದ ಬಂದು, ಬಾಯಿಗೆ ತೆಗೆದುಕೊಂಡು, ಬೀಳಿಸಿಬಿಟ್ಟರೆ ಹಲ್ಲಿನ ತೊಂದರೆ. ಈ ಒಂದು ವ್ಯತ್ಯಾಸ ಹೇಳಿದರೂ ಡಾಕ್ಟರಿಗೆ ಅರ್ಧ ದಾರಿ ಸಿಕ್ಕ ಹಾಗೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಬಾಯಿಗೆ ಊಟ ಹಾಕುವ ಸಿರಿಂಜ್ ಕೈಗೆತ್ತಿಕೊಳ್ಳುವ ಮೊದಲು ಹೊಟ್ಟೆ ಮುಟ್ಟಿ ನೋಡು. ಪಕ್ಕೆಲುಬು ಮುಗಿಯುವ ಕಡೆ, ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒತ್ತು. ಮೆತ್ತಗೆ ಒಳಕ್ಕೆ ಹೋದರೆ ಸರಿ. ತಮಟೆಯ ಹಾಗೆ ಬಿಗಿದಿದ್ದರೆ, ಮೊಲ ಸೋತು ಬಿದ್ದುಕೊಂಡಿದ್ದರೆ, ಕಿವಿ ತಣ್ಣಗಾಗಿದ್ದರೆ ಬಾಯಿಗೆ ಏನೂ ಹಾಕಬೇಡ, ಒಂದು ಹನಿ ಔಷಧಿಯನ್ನೂ ಬೇಡ. ಅದು ಕರುಳು ನಿಧಾನವಾಗಿರುವುದಲ್ಲ, ಎಲ್ಲೋ ಕಟ್ಟಿಕೊಂಡಿರಬಹುದು. ಒತ್ತೊತ್ತಾದ ಕೂದಲಿನ ಉಂಡೆಯೋ ಕಾರ್ಪೆಟ್ಟಿನ ಎಳೆಯೋ ಸಣ್ಣ ಕರುಳಿಗೆ ಅಡ್ಡ ಬಂದರೆ, ಅದರ ಹಿಂದೆ ಹೊಟ್ಟೆ ನೀರು ಗಾಳಿ ತುಂಬಿ ಉಬ್ಬುತ್ತೆ. ಅದರ ಮೇಲೆ ನೀನು ಊಟ ತುಂಬಿದರೆ ಹೊಟ್ಟೆ ಒಡೆದೇ ಹೋಗಬಹುದು. ನಿಧಾನವಾದ ಕರುಳಿನಲ್ಲಿ ಮೊಲ ಒಂದೆರಡು ದಿನದಲ್ಲಿ ಮಂಕಾಗುತ್ತಾ ಬರುತ್ತೆ. ಕಟ್ಟಿಕೊಂಡಾಗ ಬೆಳಿಗ್ಗೆ ಚೆನ್ನಾಗಿದ್ದದ್ದು ಸಂಜೆಗೆ ಏಳಲಾಗದೆ ಬೀಳುತ್ತೆ. ಎರಡನ್ನೂ ಖಚಿತವಾಗಿ ಬೇರೆ ಮಾಡುವುದು ಎಕ್ಸ್‌ರೇ. ಜೊತೆಗೆ ರಕ್ತದ ಸಕ್ಕರೆ ನೋಡಲು ಕೇಳು. ಬರೀ ಹೆದರಿಕೆಗೂ ಮೊಲದ ಸಕ್ಕರೆ ಸ್ವಲ್ಪ ಏರುತ್ತೆ, ಆದರೆ ಡೆಸಿಲೀಟರಿಗೆ 360 ಮಿಲಿಗ್ರಾಂ ದಾಟಿದರೆ ಕಟ್ಟಿಕೊಂಡಿರುವ ಸಂಶಯ ಬಲವಾಗುತ್ತೆ.

ಮೊಲದ ಮೈ ಬಿಸಿ 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 100ಕ್ಕಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಗುದದಲ್ಲಿ ಥರ್ಮಾಮೀಟರ್ ಇಡುವುದನ್ನು ಡಾಕ್ಟರ ಕೈಯಲ್ಲಿ ಒಮ್ಮೆ ಕಲಿತುಕೋ. ಕಲಿಯುವ ತನಕ ಕಿವಿ ಮುಟ್ಟಿ ಅಂದಾಜು ಮಾಡಿದರೆ ಸಾಕು. ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಬುಟ್ಟಿಯ ಒಂದೇ ಬದಿಗೆ ಇಡು, ಸೆಕೆಯಾದರೆ ಆಚೆ ಸರಿಯಲು ಜಾಗ ಇರಲಿ. ಹಾಗೇ ಆಸ್ಪತ್ರೆಗೆ ಹೊರಡು.

ಯಾವ ಆಸ್ಪತ್ರೆ ಅನ್ನುವುದನ್ನು ಇವತ್ತೇ ಗೊತ್ತು ಮಾಡಿಕೋ, ರಾತ್ರಿ ಹುಡುಕುವುದಲ್ಲ. ನಾಯಿ ಬೆಕ್ಕು ಮಾತ್ರ ನೋಡುವ ಕ್ಲಿನಿಕ್ಕುಗಳೇ ಹೆಚ್ಚು. ಫೋನ್ ಮಾಡಿ ಕೇಳಬೇಕಾದ ಮೊದಲ ಮಾತೇ "ನೀವು ಮೊಲ ನೋಡುತ್ತೀರಾ" ಅಂತ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅವರ ಸಮಯ ತಿಳಿದುಕೊಂಡಿರು. ಅದರ ಜೊತೆಗೆ ರಾತ್ರಿ ತೆರೆದಿರುವ ಇನ್ನೊಂದು ಕಡೆಯ ನಂಬರೂ ಇರಲಿ.

ಅಲ್ಲಿ ಮೊದಲು ನೋವಿಗೆ ಔಷಧಿ, ಆಮೇಲೆ ಚರ್ಮದಡಿಗೋ ರಕ್ತನಾಳಕ್ಕೋ ದ್ರವ. ಈ ಎರಡಾಗದೆ ಬರೀ ಹಸಿವಿನ ಔಷಧಿಯಿಂದ ಏನೂ ಆಗುವುದಿಲ್ಲ. ಮೆಲಾಕ್ಸಿಕ್ಯಾಮ್ ಒಳ್ಳೆಯ ನೋವುನಿವಾರಕ, ಆದರೆ ಮೈಯಲ್ಲಿ ನೀರು ಬತ್ತಿರುವಾಗ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು, ಅದಕ್ಕೇ ಅಳತೆ ಡಾಕ್ಟರದ್ದೇ ಇರಲಿ. ಕರುಳು ಓಡಿಸುವ ಔಷಧಿಯನ್ನು ಕಟ್ಟಿಕೊಂಡಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಕೊಡುತ್ತಾರೆ. ಮೊಲ ನೋಡಿ ಅಭ್ಯಾಸವಿಲ್ಲದವರು ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಗೆ ಹಾಕಲು ಬರೆದುಕೊಟ್ಟರೆ ವಿನಯದಿಂದಲೇ ಬೇಡ ಅನ್ನು. ಇವು ಸೀಕಂನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ವಿಷ ಮಾಡುವ ಜಾತಿಗೆ ಜಾಗ ಬಿಡುತ್ತವೆ, ಮೊಲ ಭೇದಿಯಾಗಿ ಸಾಯಬಹುದು. ನಾಯಿಯ ಉಣ್ಣಿಗೆ ಹಾಕುವ ಫಿಪ್ರೋನಿಲ್ ಹನಿಯೂ ಮೊಲಕ್ಕೆ ವಿಷ.

ಹೊಟ್ಟೆ ಮೆತ್ತಗಿದೆ, ಕಟ್ಟಿಕೊಂಡಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಸಿರಿಂಜಿನ ಕೆಲಸ. ಕಾಯಿಲೆಯ ಮೊಲಕ್ಕೆ ಸಿರಿಂಜಿನಲ್ಲಿ ತಿನ್ನಿಸುವ ಕ್ರಿಟಿಕಲ್ ಕೇರ್ ಅನ್ನುವ ಊಟದ ಪುಡಿಯ ಒಂದು ಪೊಟ್ಟಣ ಮನೆಯಲ್ಲಿ ಯಾವಾಗಲೂ ಇರಲಿ, ಅವಧಿ ಮುಗಿಯುವ ತಾರೀಖು ನೋಡಿಕೋ. ಒಂದು ಭಾಗ ಪುಡಿಗೆ ಎರಡು ಭಾಗ ಉಗುರುಬೆಚ್ಚಗಿನ ನೀರು ಹಾಕಿ ಕಲಸಿ ಐದು ನಿಮಿಷ ಬಿಡು. ಪುಡಿ ಸಿಗದಿದ್ದರೆ ಅವಳ ದಿನದ ಪೆಲೆಟ್ಟನ್ನೇ, ಅಂದರೆ ಒಣ ಮೇವಿನ ಗುಳಿಗೆಯನ್ನೇ, ಬಿಸಿನೀರಲ್ಲಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಒಂದೆರಡು ದಿನ ಸಾಗಿಸಬಹುದು. ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 50 ಮಿಲಿ ಲೆಕ್ಕ. ಮಲ್ಲಿ ಎರಡು ಕಿಲೋ, ಅಂದರೆ 100 ಮಿಲಿ. ಐದು ಹೊತ್ತಿಗೆ ಹಂಚಿದರೆ ಸಲಕ್ಕೆ 20 ಮಿಲಿ. ಮೊದಲ ಸಲ ಐದು ಹತ್ತು ಮಿಲಿಗೆ ನಿಲ್ಲಿಸಿ ಹೊಟ್ಟೆ ಬಿಗಿಯುತ್ತಾ ಅಂತ ನೋಡು.

ಮೇಜಿನ ಮೇಲೆ ಜಾರದ ಹಾಗೆ ಟವೆಲ್ ಹಾಸಿ, ಇನ್ನೊಂದು ಟವೆಲಿನಲ್ಲಿ ಅವಳ ಮೈ ಸುತ್ತಿ, ಹಿಂಬದಿ ನಿನ್ನ ಹೊಟ್ಟೆಗೆ ಒರಗುವ ಹಾಗೆ ಕೂರಿಸಿಕೋ. ಹಿಂಗಾಲು ಗಾಳಿಯಲ್ಲಿ ತೂಗಾಡಲು ಬಿಡಬೇಡ, ಒಂದು ಒದೆತಕ್ಕೆ ಮೊಲ ತನ್ನ ಬೆನ್ನುಮೂಳೆ ಮುರಿದುಕೊಳ್ಳಬಹುದು. ಅಂಗಾತ ಮಲಗಿಸಲೇಬಾರದು, ಊಟ ಶ್ವಾಸಕೋಶಕ್ಕೆ ಇಳಿಯುತ್ತೆ. ಮುಂದಿನ ಹಲ್ಲಿನ ಹಿಂದೆ, ಕೆನ್ನೆಯ ಪಕ್ಕದಲ್ಲಿ ಹಲ್ಲಿಲ್ಲದ ಸಂದು ಇದೆ. ಸಿರಿಂಜಿನ ತುದಿಯನ್ನು ಅಲ್ಲಿಂದ ಅಡ್ಡಕ್ಕೆ ತೂರಿಸಿ, ಗಂಟಲಿನ ಕಡೆಗೆ ಗುರಿ ಇಡದೆ, ಅರ್ಧ ಮಿಲಿ ಒತ್ತು. ಅವಳು ಅಗಿದು ನುಂಗಿದ್ದು ಕಾಣಿಸಬೇಕು, ಆಮೇಲೆ ಮುಂದಿನ ಅರ್ಧ ಮಿಲಿ. ಗಲ್ಲದಿಂದ ಇಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸು, ಒಣಗಿದರೆ ಚರ್ಮ ಹುಣ್ಣಾಗುತ್ತೆ. ಬೇಸರ ಬಂದು ವೇಗ ಮಾಡಬೇಡ. ಇಪ್ಪತ್ತು ಮಿಲಿಗೆ ಇಪ್ಪತ್ತು ನಿಮಿಷ ಬೇಕಾದರೂ ಆಗಲಿ. ಮುಂದೆ ಹುಲ್ಲು, ಸೊಪ್ಪು ಸದಾ ಇಟ್ಟಿರು. ಮೊದಲು ಬರುವ ಹಿಕ್ಕೆ ಸಣ್ಣದೂ ಸೊಟ್ಟದೂ ಇರುತ್ತೆ, ಹೆದರಬೇಡ, ಅದು ಬಂದದ್ದೇ ಒಳ್ಳೆಯ ಸುದ್ದಿ. ತಾನಾಗಿ ತಿಂದು, ಗಾತ್ರ ಸರಿಯಾಗುವ ತನಕ ಸಿರಿಂಜ್ ನಿಲ್ಲಿಸಬೇಡ.

ಅಜ್ಜಿ ಓಮದ ಕಷಾಯ, ಇಂಗಿನ ನೀರು ಹೇಳಬಹುದು, ಪ್ರೀತಿಯಿಂದಲೇ ಹೇಳುತ್ತಾರೆ. ಹರಳೆಣ್ಣೆ, ಅಡುಗೆ ಸೋಡಾ, ಪ್ಯಾರಾಫಿನ್ ಯಾವುದೂ ಬೇಡ. ಅನಾನಸ್ ರಸ ಕೂದಲು ಕರಗಿಸುತ್ತೆ ಅನ್ನುವ ಮಾತು ಬಹಳ ಹಳೆಯದು. ಅದು ಕೂದಲು ಕರಗಿಸುವುದಿಲ್ಲ, ಅದರ ಸಕ್ಕರೆ ಸೀಕಂ ಕೆಡಿಸುತ್ತೆ. ಮಾಮೂಲಿ ಕೂದಲು ಹೊಟ್ಟೆಯಲ್ಲಿ ಗಂಟಾಗುವುದು ಹೆಚ್ಚಾಗಿ ಕರುಳು ನಿಂತು ನೀರು ಬತ್ತಿದ್ದಕ್ಕೆ. ಮಕ್ಕಳ ಹೊಟ್ಟೆ ಉಬ್ಬರದ ಸಿಮೆಥಿಕೋನ್ ಹನಿಯಿಂದ ದೊಡ್ಡ ತೊಂದರೆ ಇಲ್ಲ, ಅದನ್ನು ಕೊಟ್ಟು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದೇ ತೊಂದರೆ.

ಈಗ ಕಾರಣ. ಹತ್ತರಲ್ಲಿ ಎಂಟು ಪಾಲು ಹೊಟ್ಟೆಗೆ ಹುಲ್ಲೇ ಹೋಗಬೇಕು, ಅವಳ ಮೈಯಷ್ಟು ದೊಡ್ಡ ಗುಪ್ಪೆ ದಿನಾ. ಟಿಮೋತಿ ಹುಲ್ಲು ದುಬಾರಿ ಅನ್ನಿಸಿದರೆ ಜೊತೆಗೆ ಗರಿಕೆ, ಗಿನಿ ಹುಲ್ಲು ಹಾಕು, ಔಷಧಿ ಹೊಡೆಯದ ಜಾಗದ್ದು. ಭತ್ತದ ಹುಲ್ಲು ಹಾಸಿಗೆಗೆ ಸರಿ, ಅದೊಂದೇ ಊಟಕ್ಕೆ ಸಾಲದು. ಕುದುರೆಮೆಂತೆ ಮರಿಗಳಿಗೆ ಒಳ್ಳೆಯದು, ದೊಡ್ಡ ಮೊಲಕ್ಕೆ ಅದರ ಸುಣ್ಣದಂಶ ಅತಿಯಾಗುತ್ತೆ. ಪೆಲೆಟ್ ದಿನಕ್ಕೆ 50 ಗ್ರಾಂ ದಾಟದಿರಲಿ. ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪು ಒಂದೊಂದು ಹಿಡಿ. ಕ್ಯಾರೆಟ್ ಗೆಡ್ಡೆ ಸಿಹಿ, ಅಪರೂಪಕ್ಕೆ ಒಂದು ಚೂರು. ಬಿಸ್ಕತ್ತು, ಬ್ರೆಡ್ಡು, ಅನ್ನ ಬೇಡವೇ ಬೇಡ. ಮೊಲಕ್ಕೆ ನೀರು ಕೊಡಬಾರದು ಅಂತ ಮರಿ ಮಾರುವವರು ಹೇಳುವುದು ಶುದ್ಧ ಸುಳ್ಳು. ದಿನಕ್ಕೆ 100ರಿಂದ 300 ಮಿಲಿ ಕುಡಿಯುತ್ತಾಳೆ. ಬಾಟಲಿಯ ನಳಿಕೆಗಿಂತ ಭಾರದ ಬಟ್ಟಲಲ್ಲಿ ಹೆಚ್ಚು ಕುಡಿಯುತ್ತಾಳೆ.

ಬೇಸಿಗೆಯಲ್ಲಿ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೆಲಕ್ಕೆ ಟೈಲ್ಸ್ ತುಂಡು, ಬಟ್ಟೆ ಸುತ್ತಿದ ಐಸ್ ಬಾಟಲಿ. ದೀಪಾವಳಿಗೆ ಒಳಗಿನ ಕೋಣೆ, ಕಿಟಕಿ ಮುಚ್ಚಿ, ಫ್ಯಾನಿನ ಸದ್ದು. ಕೂದಲು ಉದುರುವ ಕಾಲದಲ್ಲಿ ದಿನಾ ಬಾಚು.

ನನಗೆ ಮಲ್ಲಿಯ ವಿಷಯದಲ್ಲಿ ಹಲ್ಲಿನ ಮೇಲೇ ಸಂಶಯ. ಗಲ್ಲ ಒದ್ದೆಯಾಗಿತ್ತು ಅಂತ ನೀನು ಹೇಳಿದ್ದೆ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತೆ, ಹುಲ್ಲು ಅಗಿಯದಿದ್ದರೆ ದವಡೆ ಹಲ್ಲಿನ ಅಂಚು ಮುಳ್ಳಾಗಿ ನಾಲಗೆಗೋ ಕೆನ್ನೆಗೋ ಚುಚ್ಚುತ್ತೆ. ಮುಂದಿನ ಹಲ್ಲು ನೋಡಿ ಸರಿ ಇದೆ ಅಂದರೆ ಒಪ್ಪಬೇಡ, ಬೆಳಕಿನ ಕೊಳವೆ ಹಾಕಿ ಹಿಂದಿನವನ್ನು ನೋಡಿಸು. ಆ ಮುಳ್ಳನ್ನು ಉಜ್ಜಿ ತೆಗೆಯಲು ಅರಿವಳಿಕೆ ಕೊಡಬೇಕಾದರೆ, ಮೊಲವನ್ನು ಹಿಂದಿನ ರಾತ್ರಿ ಉಪವಾಸ ಕೆಡವಬಾರದು ಅನ್ನುವುದು ಅವರಿಗೆ ಗೊತ್ತಿದೆಯಾ ಅಂತ ಕೇಳು. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ಬುಟ್ಟಿ ಸಮೇತ ತೂಗಿ, ಬುಟ್ಟಿಯ ತೂಕ ಕಳೆದು ಬರೆದಿಡು. ಎರಡು ಕಿಲೋದಲ್ಲಿ 200 ಗ್ರಾಂ ಇಳಿದರೆ ಕಾಯದೆ ತೋರಿಸು.

ಬುಧವಾರ ತೋರಿಸಿದ ಮೇಲೆ ದವಡೆ ಹಲ್ಲಿನ ಬಗ್ಗೆ ಏನಂದರು, ಎಕ್ಸ್‌ರೇ ತೆಗೆದರಾ, ಇಷ್ಟು ತಿಳಿಸು. ನಿಮ್ಮಮ್ಮನಿಗೂ ನಿಮ್ಮಪ್ಪನಿಗೂ ನನ್ನ ನೆನಪು ಹೇಳು.

ಇಂತಿ ನಿನ್ನ
ದೊಡ್ಡಮ್ಮ